ಇಟಲಿಯ ಮಾತಿಗೆ ಕಿವಿಗೊಟ್ಟಾಗ

ಕೆಲವರು ಏನನ್ನಾದರೂ ಕಲಿಯಲು ಹೊರಟರೆ ಅವರೊಬ್ಬರೇ ಕಲಿಯುತ್ತಾರೆ. ನಾನು ಹೊರಟರೆ ಮಾತ್ರ ಮನೆ, ಬಸ್ಸು, ಊರು, ಕೊನೆಗೆ ಕಾಡು ಕೂಡ ನನ್ನ ಜೊತೆಗೇ ಹೊರಡುತ್ತದೆ. ಹೊಲಿಗೆ ಕಲಿಯುವಾಗ ಹೀಗೇ ಆಗಿತ್ತು, ನರ್ಸಿಂಗ್ ಕಲಿಯುವಾಗಲೂ ಹೀಗೇ ಆಗಿತ್ತು. ನಲವತ್ತರ ಹತ್ತಿರ ಬಂದ ಮೇಲೆ ಇಟಾಲಿಯನ್ ಕಲಿಯಲು ಕುಳಿತಾಗ ಬೇರೆ ರೀತಿ ಆದೀತು ಎಂದು ನಂಬಿದ್ದು ನನ್ನದೇ ದಡ್ಡತನ.

ನಮ್ಮ ಮನೆ ಕೇರಳದ ವಯನಾಡಿನಲ್ಲಿ, ಮುತ್ತಂಗದ ಹತ್ತಿರ, ಕಾಡಿನ ಅಂಚಿನಲ್ಲಿ. ಮನೆಯೊಳಗೆ ಕನ್ನಡ, ಹೊರಗೆ ಮಲಯಾಳ, ಜಗಳಕ್ಕೆ ಎರಡೂ. ಕಲ್ಪೆಟ್ಟದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್. ಅದೇ ವಾರ್ಡಿನ ನನ್ನ ಗೆಳತಿಗೂ ನನಗೂ ಇಟಲಿಯ ಒಂದೇ ವೃದ್ಧಾಶ್ರಮದಲ್ಲಿ ಕೆಲಸ ಸಿಗುವುದರಲ್ಲಿತ್ತು. ಷರತ್ತು ಒಂದೇ, ಇಟಾಲಿಯನ್ ಪರೀಕ್ಷೆ ಪಾಸಾಗಬೇಕು. ಅದರಲ್ಲಿ ಓದುವುದು, ಬರೆಯುವುದು, ಮಾತಾಡುವುದು, ಕೇಳಿ ಅರ್ಥ ಮಾಡಿಕೊಳ್ಳುವುದು ಎಂದು ನಾಲ್ಕು ಭಾಗ. ಗೆಳತಿ ನಾಲ್ಕರಲ್ಲೂ ಪಾಸು. ನಾನು ಕೇಳುವುದರಲ್ಲಿ ಫೇಲು. ಮತ್ತೊಮ್ಮೆ ಕಟ್ಟಿದೆ, ಮತ್ತೆ ಅದರಲ್ಲೇ ಫೇಲು. ಇನ್ನೊಂದು ಪರೀಕ್ಷೆಯವರೆಗೆ ಕಾಯುತ್ತೇವೆ, ಆಮೇಲೆ ನಿಮ್ಮ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ವೃದ್ಧಾಶ್ರಮದವರು ತಿಳಿಸಿದರು. "ಚೇಚಿ ಬರದಿದ್ರೆ ನಾನೂ ಹೋಗಲ್ಲ" ಎಂದು ಗೆಳತಿ ಹಟ ಹಿಡಿದಳು. ನನಗಿಂತ ಚಿಕ್ಕವಳು, ಚೇಚಿ ಎಂದು ಕರೆದು ನನ್ನನ್ನು ಅಕ್ಕ ಎಂದೇ ತಿಳಿದವಳು. ಅವಳ ಬದುಕಿಗೂ ನನ್ನ ಕಿವಿಯೇ ಅಡ್ಡ ನಿಂತಿತಲ್ಲ ಎಂದು ನನಗೆ ನಾಚಿಕೆಯೂ ಆಯಿತು, ಭಯವೂ ಆಯಿತು.

ನಮಗೆ ಕಲಿಸುತ್ತಿದ್ದವರು ಬಹಳ ಕಾಲ ಇಟಲಿಯ ಕಾನ್ವೆಂಟಿನಲ್ಲಿದ್ದು ಊರಿಗೆ ಮರಳಿದ ಹಿರಿಯ ಸನ್ಯಾಸಿನಿ. ನಾವು ಅವರನ್ನು ಸಿಸ್ಟರಮ್ಮ ಎನ್ನುತ್ತಿದ್ದೆವು. ಕಲ್ಪೆಟ್ಟದ ಒಂದು ಬೇಕರಿಯ ಮಹಡಿಯ ಮೇಲೆ ಅವರ ತರಗತಿ. ಕೆಳಗಿನಿಂದ ಬಿಸಿ ಪಫ್ಸಿನ ಪರಿಮಳ ಬರುತ್ತಿದ್ದರೆ ಯಾವ ಭಾಷೆಯೂ ತಲೆಗೆ ಹತ್ತುವುದಿಲ್ಲ, ಅದು ಬೇರೆ ಮಾತು. ಎರಡನೇ ಸಲ ಫೇಲಾಗಿ ಹೋಗಿ ಕುಳಿತವಳನ್ನು ಅವರು ಕನ್ನಡಕದ ಮೇಲಿಂದ ನೋಡಿ, "ನಿನ್ನ ಬಾಯಿ ಸರಿ ಇದೆ, ಕಣ್ಣು ಸರಿ ಇದೆ. ಕಿವಿ ಮಾತ್ರ ಇನ್ನೂ ವಯನಾಡು ಬಿಟ್ಟು ಹೊರಟಿಲ್ಲ. ಕೂತಾಗ ಕೇಳು, ನಿಂತಾಗ ಕೇಳು. ಕೇಳ್ತಾ ಕೇಳ್ತಾ ಕಿವಿ ಪಳಗುತ್ತೆ" ಎಂದರು.

ನಾನು ಅವರ ಮಾತನ್ನು ಅಕ್ಷರಶಃ ಪಾಲಿಸಿದೆ. ಮುಂದಿನದೆಲ್ಲ ಅದರ ಫಲ.

೧. ನೀಲಿಯೋ ಹಸಿರೋ

ಬೆಳಗಿನ ಬಸ್ಸಿನಲ್ಲಿ ನನಗೆ ಸೀಟು ಸಿಗುವುದು ಅಪರೂಪ. ನಮ್ಮ ಕಡೆ ನಿಂತವರ ಬ್ಯಾಗನ್ನು ಕುಳಿತವರು ಇಸಿದುಕೊಂಡು ಮಡಿಲಲ್ಲಿ ಇಟ್ಟುಕೊಳ್ಳುವುದು ರೂಢಿ. ಅವತ್ತು ನನ್ನ ಬ್ಯಾಗು ಕೈಯಿಂದ ಕೈಗೆ ದಾಟಿ ಕಿಟಕಿ ಪಕ್ಕದ ಒಬ್ಬ ಅಜ್ಜಿಯ ಮಡಿಲು ಸೇರಿತು. ಫೋನು ಬ್ಯಾಗಿನಲ್ಲಿ, ತಂತಿಯಿಲ್ಲದ ಇಯರ್‌ಫೋನು ನನ್ನ ಕಿವಿಯಲ್ಲಿ. ಸಿಸ್ಟರಮ್ಮ ಕೊಟ್ಟ ಪಾಠ ಓಡುತ್ತಿತ್ತು.

ಕಾಡಿನ ಮಧ್ಯೆ ಇಯರ್‌ಫೋನಿನ ಚಾರ್ಜು ಮುಗಿಯಿತು. ಫೋನು ಸುಮ್ಮನಾಗಲಿಲ್ಲ. ಬ್ಯಾಗಿನೊಳಗಿಂದಲೇ ಒಬ್ಬ ಗಂಡಸೂ ಒಬ್ಬ ಹೆಂಗಸೂ ಇಟಾಲಿಯನ್ನಿನಲ್ಲಿ ಗಂಟಲು ಹರಿದುಕೊಳ್ಳಲು ಶುರುಮಾಡಿದರು. ಅಜ್ಜಿ ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತಿದರು. ನಾನು ಅಲ್ಲಿಗೆ ತಲುಪುವಂತಿಲ್ಲ, ನಡುವೆ ನಮ್ಮ ನೂಲ್ಪುಳ ಪಂಚಾಯಿತಿಯ ಅರ್ಧ ಜನವೇ ನಿಂತಿದೆ.

ಗಂಡ ಹೆಂಡಿರ ಜಗಳ ಯಾವ ಭಾಷೆಯದಾದರೂ ಬಸ್ಸು ನಿಶ್ಶಬ್ದವಾಗುತ್ತದೆ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಏನಂತಿದ್ದಾಳೆ ಅವಳು?" ಎಂದು ಕೇಳಿದ.

"ಗೊತ್ತಿಲ್ಲ" ಎಂದೆ.

"ನೀವು ಕಲೀತಿರೋದು ಇದೇ ಅಲ್ವಾ?"

"ಅದಕ್ಕೇ ಗೊತ್ತಿಲ್ಲ. ಗೊತ್ತಿದ್ರೆ ಯಾಕೆ ಕಲೀತಿದ್ದೆ?"

ಬಸ್ಸು ತಾನೇ ತೀರ್ಪಿಗೆ ಇಳಿಯಿತು. ಗಂಡನಿಗೆ ಕುಡಿತ ಎಂದು ಹಿಂದಿನ ಸೀಟು. ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾನೆ ಎಂದು ಕಂಡಕ್ಟರ್. ಅಜ್ಜಿ ಮಾತ್ರ ಬ್ಯಾಗಿಗೆ ಕಿವಿ ಹಚ್ಚಿ, "ಎಲ್ಲ ಅತ್ತೆಯಿಂದ" ಎಂದರು.

"ಅತ್ತೆ ಧ್ವನಿಯೇ ಇಲ್ವಲ್ಲ ಅಜ್ಜಿ?"

"ಧ್ವನಿ ಇಲ್ಲ ಅಂದ್ರೆ ಒಳಗೆ ಕೂತು ಕೇಳಿಸ್ಕೊಳ್ತಿದ್ದಾಳೆ ಅಂತ ಅರ್ಥ."

ಸುಲ್ತಾನ್ ಬತ್ತೇರಿಯಲ್ಲಿ ಜನ ಇಳಿದ ಮೇಲೆ ಫೋನು ನನ್ನ ಕೈಗೆ ಬಂತು. ಇಳಿಯಬೇಕಾದವರಲ್ಲೂ ಕೆಲವರು ಇಳಿಯದೆ ನಿಂತಿದ್ದರು. ಪಾಠದ ಬರಹವನ್ನು ತೆರೆದು ಓದಿದೆ. ಆ ದಂಪತಿ ಜಗಳವಾಡಿರಲೇ ಇಲ್ಲ. ಕಿಟಕಿಗೆ ನೀಲಿ ಪರದೆ ಹಾಕೋಣವೋ ಹಸಿರು ಹಾಕೋಣವೋ ಎಂದು ಪ್ರೀತಿಯಿಂದ ಮಾತಾಡಿಕೊಳ್ಳುತ್ತಿದ್ದರು. ಹಾಗೆಂದು ಹೇಳಿದೆ. ಬಸ್ಸಿಗೆ ಬಸ್ಸೇ ನನ್ನನ್ನು ಅಪನಂಬಿಕೆಯಿಂದ ನೋಡಿತು. "ಇದು ಪ್ರೀತಿಯಾದ್ರೆ ಜಗಳ ಹೇಗಿರುತ್ತೆ?" ಎಂದು ಅಜ್ಜಿ ಗಾಬರಿಯಾದರು. "ನೋಡ್ಕೊಂಡು ಹೋಗು ಮೋಳೇ" ಎಂದು ಮಗಳಿಗೆ ಹೇಳುವಂತೆ ಎಚ್ಚರಿಸಿದರು.

ಮರುದಿನ ಟಿಕೆಟ್ ಕೊಡುತ್ತಾ ಕಂಡಕ್ಟರ್ ನನ್ನ ಕಿವಿಯ ಹತ್ತಿರ ಬಗ್ಗಿದ. "ಚೇಚಿ, ಮನೇಲಿ ವಿಷಯ ಹೇಳಿದೆ. ಹಸಿರೇ ಹಾಕ್ಲಿ ಅಂದಳು ನನ್ನ ಹೆಂಡ್ತಿ. ಕೊಳೆ ಕಾಣಲ್ಲವಂತೆ."

೨. ಏರುಮಾಡದ ವಿದ್ಯಾರ್ಥಿಗಳು

ನಮ್ಮ ಗದ್ದೆ ಕಾಡಿಗೆ ತಾಗಿಕೊಂಡಿದೆ. ಗದ್ದೆಯ ಅಂಚಿನಲ್ಲಿ ಮಾವ ಒಂದಿಷ್ಟು ಮರಗೆಣಸೂ ಹಾಕುತ್ತಾರೆ. ತೆನೆ ಹಾಲುಗಟ್ಟುವ ಹೊತ್ತಿಗೆ ಗಂಡಸರು ಏರುಮಾಡದಲ್ಲಿ, ಎಂದರೆ ಮರದ ಮೇಲೆ ಕಟ್ಟಿದ ಕಾವಲು ಗುಡಿಸಲಲ್ಲಿ ಮಲಗಬೇಕು. ಮನುಷ್ಯರ ಮಾತು ಕೇಳುತ್ತಿದ್ದರೆ ಕಾಡುಹಂದಿ ಹತ್ತಿರ ಬರುವುದಿಲ್ಲ. ಅದಕ್ಕೆಂದೇ ನಮ್ಮ ಮಾವ ಒಂದು ರೇಡಿಯೊ ಇಟ್ಟಿದ್ದರು. ಈ ಸಲ ಮಳೆಗೆ ಅದು ಕೆಟ್ಟಿತು.

"ಆ ನಿನ್ನ ಇಟಲಿ ಡಬ್ಬ ಕೊಡಮ್ಮ" ಎಂದರು ಮಾವ. ಸಿಸ್ಟರಮ್ಮನ ಪಾಠಗಳನ್ನು ತುಂಬಿಸಿ, ಅಡುಗೆ ಮಾಡುವಾಗ ಕೇಳಲೆಂದು ನಾನೊಂದು ಪುಟ್ಟ ಸ್ಪೀಕರ್ ಕೊಂಡಿದ್ದೆ. ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ, ಅನ್ನ ಬೆಳೆಯುವುದು ಅವರು.

ಬೆಳಿಗ್ಗೆ ಮಾವ ಹಿಗ್ಗಿಕೊಂಡು ಬಂದರು. "ಹಂದಿ ಬೇಲಿವರೆಗೂ ಬಂದಿತ್ತು. ನಿನ್ನ ಡಬ್ಬದೋನು 'ಬೊಂಜೋರ್ನೋ' ಅಂತ ನಮಸ್ಕಾರ ಹೇಳಿದ್ದೇ ತಡ, ಮರಿಗಳ ಸಮೇತ ಓಟ! ನಮ್ಮ ರೇಡಿಯೊಗೆ ಇಷ್ಟು ಶಕ್ತಿ ಇರ್ಲಿಲ್ಲ."

ಸುದ್ದಿ ಹರಡಿತು. ಅಕ್ಕಪಕ್ಕದ ಗದ್ದೆಯವರೆಲ್ಲ ಮೆಮೊರಿ ಕಾರ್ಡು ಹಿಡಿದು ಮನೆಗೆ ಬಂದು ಪಾಠ ತುಂಬಿಸಿಕೊಂಡು ಹೋದರು. ಸ್ವಲ್ಪ ದಿನದಲ್ಲೇ ನಮ್ಮ ಬಯಲೆಲ್ಲ ಇಟಾಲಿಯನ್ ಆಯಿತು. ಒಂದು ಏರುಮಾಡ "ರೈಲು ನಿಲ್ದಾಣ ಎಲ್ಲಿದೆ?" ಎಂದು ಕೇಳಿದರೆ ಆಚೆಯದು "ನನಗೆ ಸಕ್ಕರೆ ಬೇಡ" ಎಂದು ಉತ್ತರಿಸುತ್ತಿತ್ತು. ನಾನು ಹೆಮ್ಮೆಯಿಂದ ಸಿಸ್ಟರಮ್ಮನಿಗೆ ವರದಿ ಒಪ್ಪಿಸಿದೆ. ಅವರು ಶಿಲುಬೆ ಗುರುತು ಮಾಡಿಕೊಂಡರು, ಮೆಚ್ಚಿಯೋ ಬೆಚ್ಚಿಯೋ ತಿಳಿಯಲಿಲ್ಲ.

ಕೊಯ್ಲು ಹತ್ತಿರ ಬಂದಾಗ ಒಂದು ಬೆಳಿಗ್ಗೆ ಮಾವ ಮುಖ ಇಳಿಬಿಟ್ಟು ಜಗಲಿಯಲ್ಲಿ ಕುಳಿತಿದ್ದರು. ಹಂದಿ ಹಿಂಡು ಬಂದು ಏರುಮಾಡದ ಬುಡದಲ್ಲೇ ಮರಗೆಣಸು ಅಗೆದು ತಿಂದು, ಅಲ್ಲೇ ಒರಗಿ ವಿಶ್ರಾಂತಿಯನ್ನೂ ಪಡೆದು ಹೋಗಿತ್ತು.

"ಸೌಂಡು ಕಡಿಮೆ ಇಟ್ಟಿದ್ರಾ ಮಾವ?"

"ಇಡೀ ಬಯಲಿಗೆ ಕೇಳೋ ಹಾಗಿತ್ತು. ನಿಮ್ಮ ಸಿಸ್ಟರಮ್ಮ ಹೇಳಿದ್ದು ನಿಜ ಕಣಮ್ಮ, ದಿನಾ ಕೇಳಿದ್ರೆ ಕಿವಿ ಪಳಗುತ್ತೆ." ಮಾವ ನಿಟ್ಟುಸಿರು ಬಿಟ್ಟರು. "ಹಂದಿದು ಪಳಗ್ತು. ಇನ್ನು ನಿಂದೊಂದು ಬಾಕಿ."

೩. ಮನೆಯಲ್ಲೇ ಇದ್ದ ಮೇಷ್ಟ್ರು

ಹಂದಿಗಿಂತ ಹಿಂದೆ ಬಿದ್ದೆ ಎಂದಾದ ಮೇಲೆ ನಿದ್ದೆ ಬರುವುದಾದರೂ ಹೇಗೆ? ಸಿಸ್ಟರಮ್ಮ ಹೊಸ ಉಪಾಯ ಹೇಳಿದರು. ಮನೆಯವರು ಯಾರಾದರೂ ಪಕ್ಕದ ಕೋಣೆಯಲ್ಲಿ ನಿಂತು ಪಾಠ ಓದಬೇಕು, ನಾನು ಮುಖ ನೋಡದೆ ಕೇಳಿ ಉತ್ತರ ಬರೆಯಬೇಕು.

ನಮ್ಮವರಿಗೆ ಕವಲುದಾರಿಯಲ್ಲಿ ಒಂದು ದಿನಸಿ ಅಂಗಡಿ. ಪಾಠವನ್ನೆಲ್ಲ ಮಲಯಾಳ ಅಕ್ಷರದಲ್ಲಿ ಬರೆದುಕೊಟ್ಟೆ. ಅವರು ಬಾಗಿಲ ಆಚೆ ನಿಂತು, ಗಂಟಲು ಸರಿಮಾಡಿಕೊಂಡು, ಗೋದಾಮಿನ ಹುಡುಗನಿಗೆ ಸಾಮಾನು ಕೂಗಿ ಹೇಳುವ ರಾಗದಲ್ಲಿ ಓದಿದರು. ಎಲ್ಲ ಪದಗಳೂ ಬಿಡಿಬಿಡಿಯಾಗಿ, ಒಂದೊಂದಕ್ಕೂ ಬಾಲ ಎಳೆದು ಬಂದವು.

ಆಶ್ಚರ್ಯ! ನನಗೆ ಎಲ್ಲವೂ ಅರ್ಥವಾಯಿತು. ಒಂದು ತಪ್ಪಿಲ್ಲ. ಮರುದಿನ ಹೊಸ ಪಾಠ ಕೊಟ್ಟೆ, ಅದೂ ಸರಿ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿದ್ದ ನನ್ನ ವಿದ್ಯೆ ಹೀಗೆ ಮನೆಯಲ್ಲೇ ಫಲಿಸಿತಲ್ಲ ಎಂದು ಗಂಡನ ಮೇಲೆ ಎಂದೂ ಇಲ್ಲದ ಗೌರವ ಹುಟ್ಟಿತು. ರಾತ್ರಿ ಅವರಿಗೆ ಒಂದು ಆಮ್ಲೆಟ್ ಹೆಚ್ಚು ಹಾಕಿದೆ.

ತರಗತಿಯಲ್ಲಿ ಹೇಳಿದಾಗ ಸಿಸ್ಟರಮ್ಮ ನಂಬಲಿಲ್ಲ. "ಫೋನ್ ಮಾಡು, ನಾನೂ ಕೇಳ್ತೀನಿ" ಎಂದರು. ನಮ್ಮವರು ಅಂಗಡಿಯಿಂದಲೇ ಓದಿದರು. ಸಿಸ್ಟರಮ್ಮ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಗೆಳತಿ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಳು.

"ಇಷ್ಟು ವರ್ಷ ಇಟಲಿಯಲ್ಲಿದ್ದೆ" ಎಂದು ಸಿಸ್ಟರಮ್ಮ ನಿಧಾನವಾಗಿ ಕಣ್ಣು ತೆರೆದರು. "ನನಗೆ ಇದರಲ್ಲಿ ಒಂದು ಮಾತೂ ತಿಳೀಲಿಲ್ಲ. ನಿನಗೆ ತಿಳಿಯುತ್ತೆ ಅಂದ್ರೆ ಒಂದೇ ದಾರಿ. ಇವರನ್ನೂ ಇಟಲಿಗೆ ಕರ್ಕೊಂಡು ಹೋಗು. ಅಲ್ಲಿಯ ಮುದುಕರು ಮೊದಲು ಇವರಿಗೆ ಹೇಳ್ಲಿ, ಆಮೇಲೆ ಇವರು ನಿನಗೆ ಹೇಳ್ಲಿ."

ಫೋನು ಇನ್ನೂ ಚಾಲೂ ಇತ್ತು. ನಮ್ಮವರು ಬಹಳ ಗಂಭೀರವಾಗಿ ಕೇಳಿದರು: "ನಾನು ಬಂದ್ರೆ ಅಂಗಡಿ ಯಾರು ನೋಡ್ಕೋತಾರೆ, ಸಿಸ್ಟರ್?"

೪. ಇನ್ನೊಂದು ಸಲ ಬರುತ್ತೆ

ಪರೀಕ್ಷೆಯಲ್ಲಿ ಕೇಳಿಸುವ ಧ್ವನಿಮುದ್ರಣಕ್ಕೆ ಒಂದು ಕ್ರಮವಿದೆ. ಮೊದಲು 'ಟಿಣ್' ಎಂದು ಗಂಟೆ. ಆಮೇಲೆ ಮಾತು. ಮತ್ತೆ ಟಿಣ್, ಅದೇ ಮಾತು ಎರಡನೇ ಸಲ. ಮೊದಲ ಸಲ ಹೋದರೆ ಹೋಗಲಿ, ಎರಡನೇ ಸಲ ಹಿಡಿದುಕೊಳ್ಳಬಹುದು ಎಂದು ಸಿಸ್ಟರಮ್ಮ ನಮಗೆ ಧೈರ್ಯ ತುಂಬುತ್ತಿದ್ದರು. ಹೀಗೇ ಅಭ್ಯಾಸ ಮಾಡಿ ಮಾಡಿ ಆ ಧೈರ್ಯ ನನ್ನ ರಕ್ತಕ್ಕೇ ಸೇರಿಹೋಗಿತ್ತು.

ಒಂದು ದಿನ ಹೋಂಸ್ಟೇಯಲ್ಲಿದ್ದ ಇಟಲಿಯ ದಂಪತಿ ನಮ್ಮ ಆಸ್ಪತ್ರೆಗೆ ಓಡಿಬಂದರು. ಕಾಡಿನಲ್ಲಿ ನಡೆದಾಡುವಾಗ ಇಬ್ಬರಿಗೂ ಜಿಗಣೆ ಕಚ್ಚಿ ಕಾಲುಚೀಲವೆಲ್ಲ ರಕ್ತ. ನಮಗೆ ಜಿಗಣೆ ಒಂದು ವಿಷಯವೇ ಅಲ್ಲ, ಅವರಿಗೆ ಪ್ರಾಣ ಹೋದಷ್ಟು ಸಂಕಟ. ಗೆಳತಿ ಅವತ್ತು ರಜೆಯಲ್ಲಿದ್ದಳು. ಡಾಕ್ಟರು ನನ್ನನ್ನು ಕರೆದು, "ನಮ್ಮಲ್ಲೇ ಇಟಾಲಿಯನ್ ಬಲ್ಲ ಸಿಸ್ಟರ್ ಇದ್ದಾರೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಫಾರ್ಮಸಿಯವರೂ ಕೌಂಟರ್ ಬಿಟ್ಟು ನೋಡಲು ಬಂದರು.

ಗಂಡ ಹೆಂಡತಿ ಇಬ್ಬರೂ ನನ್ನ ಕಡೆ ತಿರುಗಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ ಮುಗಿಸಿದರು. ನಾನು ಸಮಾಧಾನವಾಗಿ ಕೈಕಟ್ಟಿಕೊಂಡು ನಿಂತಿದ್ದೆ.

"ಏನಂತೆ?" ಎಂದರು ಡಾಕ್ಟರು.

"ಸ್ವಲ್ಪ ತಾಳಿ ಸಾರ್. ಇನ್ನೊಂದು ಸಲ ಬರುತ್ತೆ."

"ಏನು ಬರುತ್ತೆ?"

ಆಗಲೇ ನನಗೆ ಎಚ್ಚರವಾದದ್ದು. ನಾನು ಟಿಣ್ ಎನ್ನುವುದನ್ನೇ ಕಾಯುತ್ತಿದ್ದೆ. ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹತ್ತಿಯನ್ನು ತಾವೇ ಕೈಗೆತ್ತಿಕೊಂಡು ಹೇಳಿದರು: "ರೋಗಿಗಳು ಒಂದೇ ಸಲ ಹೇಳೋದು, ಸಿಸ್ಟರ್. ಎರಡನೇ ಸಲ ಅವರ ವಕೀಲರು ಹೇಳ್ತಾರೆ."

೫. ಹೂಂ

ಕೊನೆಗೂ ಪರೀಕ್ಷೆಯ ದಿನ ಬಂತು. ಕೊಚ್ಚಿಯಲ್ಲಿ ಪರೀಕ್ಷೆ. ಗೆಳತಿ ತನಗೆ ಪರೀಕ್ಷೆಯಿಲ್ಲದಿದ್ದರೂ ಜೊತೆಗೆ ಬಂದು ಹೊರಗೆ ಬೆಂಚಿನ ಮೇಲೆ ಕುಳಿತಳು. ನಾನು ಒಳಗೆ ಹೋಗುವಾಗ ನನ್ನ ಕೈ ಹಿಡಿದಳು. ಇನ್ನೊಂದು ಗಳಿಗೆ ಹಿಡಿದಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ.

ಇಲ್ಲಿ ನಮ್ಮ ಅತ್ತೆಯ ವಿಷಯ ಹೇಳಬೇಕು. ಅತ್ತೆಗೆ ಕಥೆ ಹೇಳುವ ಹುಚ್ಚು. ಗೆಣಸು ಸುಲಿಯುತ್ತಾ, ಮೆಣಸು ಬಿಡಿಸುತ್ತಾ ಹೇಳುತ್ತಾರೆ. ನಮ್ಮ ಕಡೆ ಹಿರಿಯರು ಕಥೆ ಹೇಳುವಾಗ ಕೇಳುವವರು ಮಾತುಮಾತಿಗೂ ಹೂಂಗುಟ್ಟಬೇಕು. ಒಂದು ಹೂಂ ತಪ್ಪಿದರೂ ಅತ್ತೆ ಕಥೆಯನ್ನು ಅಲ್ಲೇ ನಿಲ್ಲಿಸಿ, "ನಾನು ಯಾರಿಗೆ ಹೇಳ್ತಿದೀನಿ, ಗೋಡೆಗಾ?" ಎನ್ನುತ್ತಾರೆ. ಮದುವೆಯಾಗಿ ಬಂದಾಗಿನಿಂದ ನಾನು ಈ ಮನೆಯಲ್ಲಿ ಹೂಂಗುಟ್ಟಿಕೊಂಡೇ ಬಂದವಳು.

ಹವಾಮಾನ, ರೈಲು, ಡಾಕ್ಟರ ಅಪಾಯಿಂಟ್‌ಮೆಂಟು ಎಂದು ಮೊದಲ ಮುದ್ರಣಗಳು ಹೇಗೋ ದಾಟಿದವು. ಕೊನೆಯದಕ್ಕೇ ಹೆಚ್ಚು ಅಂಕ. ಟಿಣ್ ಎಂದಿತು. ಒಬ್ಬ ಮುದುಕಿ ತನ್ನ ಹಳೆಯ ಕಥೆ ಹೇಳತೊಡಗಿದಳು. ನಾನು ಕಲ್ಲಿನಂತೆ ಕುಳಿತು ಒಂದೊಂದು ಪದವನ್ನೂ ಹಿಡಿದು ಇಂಗ್ಲಿಷಿಗೆ, ಅಲ್ಲಿಂದ ಮಲಯಾಳಕ್ಕೆ, ಅಲ್ಲಿಂದ ಕನ್ನಡಕ್ಕೆ ದಾಟಿಸುತ್ತಿದ್ದೆ. ನಾನು ಎರಡನೇ ಪದವನ್ನು ದಡ ಸೇರಿಸುವಷ್ಟರಲ್ಲಿ ಮುದುಕಿ ಕಥೆ ಮುಗಿಸಿದ್ದಳು. ಹಾಳೆ ಖಾಲಿ. ಹೊರಗೆ ಕಾಯುತ್ತಿದ್ದ ಗೆಳತಿಯ ಮುಖ ಕಣ್ಣ ಮುಂದೆ ಬಂತು.

ಎರಡನೇ ಟಿಣ್. ನಾನು ಪೆನ್ನು ಕೆಳಗಿಟ್ಟೆ. ಹೇಗೂ ಮುಗಿಯಿತು, ಪಾಪ, ವಯಸ್ಸಾದ ಜೀವ ಒಬ್ಬಳೇ ಮಾತಾಡುತ್ತಿದೆ, ಕೇಳಿಯಾದರೂ ಕೇಳೋಣ ಎಂದುಕೊಂಡೆ. ಮುದುಕಿ ಒಂದು ಮಾತು ಹೇಳಿ, ವಯಸ್ಸಾದವರು ನಿಲ್ಲುವ ಹಾಗೆ ಒಂದು ಗಳಿಗೆ ನಿಂತಳು. ನನ್ನ ಬಾಯಿ ನನ್ನನ್ನು ಕೇಳದೆ "ಹೂಂ" ಎಂದಿತು.

ಅದನ್ನೇ ಕಾಯುತ್ತಿದ್ದವಳಂತೆ ಮುದುಕಿ ಮುಂದುವರಿದಳು. ಮತ್ತೆ ನಿಂತಳು. "ಹೂಂ." ದೇವರಾಣೆಗೂ ಹೇಳುತ್ತೇನೆ, ನನಗೆ ಎಲ್ಲ ಕಾಣಿಸತೊಡಗಿತು. ಅವತ್ತು ಅವಳ ಮದುವೆ. ಚರ್ಚಿನ ಬಾಗಿಲಲ್ಲಿ ನಿಂತಿದ್ದಾಳೆ. ಅಕ್ಕನಿಂದ ಎರವಲು ತಂದ ಚಪ್ಪಲಿ ಕಾಲು ಕಚ್ಚುತ್ತಿದೆ. ಊರೆಲ್ಲ ಬಂದಿದೆ, ಮದುಮಗ ಬಂದಿಲ್ಲ. "ಹೂಂ... ಅಯ್ಯೋ, ಹೂಂ!" ಹಿಂದಿನ ಸಾಲಿನಿಂದಲೂ ಯಾರೋ "ಮ್ಮ್" ಎಂದರು. ಪಕ್ಕದವಳೂ "ಮ್ಮ್" ಎಂದಳು. ಎಲ್ಲರೂ ಅಜ್ಜಿಯರ ಮಡಿಲಲ್ಲಿ ಬೆಳೆದ ನರ್ಸುಗಳೇ ಅಲ್ಲವೇ?

ಮೇಲ್ವಿಚಾರಕ ಧ್ವನಿಯನ್ನು ತಟ್ಟನೆ ನಿಲ್ಲಿಸಿದ. ಕೋಣೆಯಲ್ಲಿ ಉಳಿದದ್ದು ನನ್ನ ಅರ್ಧ ಹೂಂ ಒಂದೇ. ನೇರ ಬಂದು ನನ್ನ ಉತ್ತರ ಪತ್ರಿಕೆಯ ಮೇಲೆ ಕೈಯಿಟ್ಟ. "ಪರೀಕ್ಷೆಯಲ್ಲಿ ಮಾತಾಡಿದ್ರೆ ಏನಾಗುತ್ತೆ ಗೊತ್ತಲ್ಲ?" ಎಲ್ಲ ಮುಗಿಯಿತು ಎಂದುಕೊಂಡೆ.

ಮಾತಿನ ಪರೀಕ್ಷೆಗೆಂದು ಬಂದಿದ್ದ ಇಟಲಿಯ ಹೆಂಗಸೊಬ್ಬರು ಬಾಗಿಲ ಬಳಿ ಕುಳಿತಿದ್ದರು. ಎದ್ದು ಬಂದು, ಏನು ಹೇಳುತ್ತಿದ್ದೆ ಎಂದು ತಮ್ಮ ಭಾಷೆಯಲ್ಲಿ ಕೇಳಿದರು. ನಾನು ಅದೇ ಭಾಷೆಯಲ್ಲಿ, "ಏನೂ ಹೇಳ್ತಿಲ್ಲ ಮೇಡಂ. ಅಜ್ಜಿ ಕಥೆ ಹೇಳುವಾಗ ನಾವು ಸುಮ್ಮನಿದ್ರೆ ಅವರಿಗೆ ಬೇಜಾರಾಗುತ್ತೆ" ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಮೇಲ್ವಿಚಾರಕನ ಕೈಯನ್ನು ಪತ್ರಿಕೆಯ ಮೇಲಿಂದ ಸರಿಸಿದರು. "ಇವರು ಮಾತಾಡ್ತಿಲ್ಲ. ಕೇಳ್ತಿದ್ದಾರೆ."

ಮುದ್ರಣವನ್ನು ಮತ್ತೆ ಮೊದಲಿಂದ ಹಾಕಿದರು, ಸದ್ದು ಮಾಡಬಾರದು ಎಂಬ ಷರತ್ತಿನ ಮೇಲೆ. ನಾನು ದುಪಟ್ಟಾದ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಬರೀ ತಲೆಯಾಡಿಸಿ ಹೂಂಗುಟ್ಟಿದೆ. ಸುತ್ತ ನೋಡಿದರೆ ಇಡೀ ಕೋಣೆಯ ತಲೆಗಳು ಅಲ್ಲಾಡುತ್ತಿದ್ದವು. ಕಥೆ ಕೊನೆಗೆ ಬಂತು. ದೂರದ ತಿರುವಿನಲ್ಲಿ ಒಂದು ಸೈಕಲ್ ಕಾಣಿಸಿತು, ಅದರ ಮೇಲೆ ಯಾರೋ ಗಂಡಸು, ಕೈಯಲ್ಲಿ ಹೂವು. "ಆಗ ನಾನು..." ಎಂದಳು ಮುದುಕಿ. ಟಿಣ್! ಅಲ್ಲಿಗೆ ಮುಗಿಯಿತು.

ಉತ್ತರ ಬರೆಯಲು ಯೋಚಿಸಬೇಕಾಗಲಿಲ್ಲ. ಪತ್ರಿಕೆ ಕೊಡುವಾಗ ಮಾತ್ರ ತಡೆಯಲಾರದೆ ಆ ಹೆಂಗಸನ್ನು, "ಎ ಪೋಯ್?" ಎಂದು ಕೇಳಿದೆ. ಆಮೇಲೆ ಏನಾಯ್ತು ಎಂದು. ಅವರು ಭುಜ ಕುಣಿಸಿದರು. "ಅಷ್ಟೇ ಇರೋದು. ನನಗೂ ಗೊತ್ತಿಲ್ಲ."

ಪಾಸಾದೆ. ಗೆಳತಿ ವಾರ್ಡಿನ ಮಧ್ಯದಲ್ಲೇ ನನ್ನನ್ನು ಅಪ್ಪಿಕೊಂಡು ಅತ್ತಳು, ಯಾರೋ ತೀರಿಕೊಂಡರೆಂದು ರೋಗಿಗಳು ಗಾಬರಿಯಾದರು. ಸಿಸ್ಟರಮ್ಮ ಎಲ್ಲರಿಗೂ ಪಫ್ಸ್ ತರಿಸಿದರು.

ಮನೆಯಲ್ಲಿ ಇನ್ನೊಂದು ಪರೀಕ್ಷೆ ಬಾಕಿ ಇತ್ತು. ನಾನು ಇಟಲಿಗೆ ಹೋಗುವುದು ಅತ್ತೆಗೆ ಮೊದಲಿಂದಲೂ ಒಪ್ಪಿಗೆಯಿಲ್ಲ. "ಇಲ್ಲಿಲ್ಲದ ಮುದುಕರು ಅಲ್ಲೇನಿದ್ದಾರೆ?" ಎಂದು ಗೊಣಗುತ್ತಲೇ ಇದ್ದರು. ಅವತ್ತು ಮೆಣಸು ಬಿಡಿಸುತ್ತಾ ಕುಳಿತವರ ಎದುರು ನಾನೇ ಮೊದಲ ಬಾರಿಗೆ ಕಥೆ ಹೇಳಿದೆ, ಅತ್ತೆ ಹೂಂಗುಟ್ಟಿದರು. ಚರ್ಚಿನ ಬಾಗಿಲು, ಕಚ್ಚುವ ಚಪ್ಪಲಿ, ಬಾರದ ಮದುಮಗ, ತಿರುವಿನ ಸೈಕಲ್. ನಾನು ನಿಲ್ಲಿಸಿದೆ.

"ಹೂಂ. ಆಮೇಲೆ?"

"ಅಷ್ಟೇ ಅತ್ತೆ. ಅಲ್ಲಿಗೇ ನಿಲ್ಲಿಸಿಬಿಟ್ರು."

"ನಿಲ್ಲಿಸಿಬಿಟ್ರಾ? ಹೆಣ್ಣುಮಗಳನ್ನ ಮದುವೆ ಬಟ್ಟೇಲಿ ಬಾಗಿಲಲ್ಲೇ ನಿಲ್ಲಿಸಿ ಹೋಗಿಬಿಟ್ರಾ?" ಅತ್ತೆ ಮೆಣಸಿನ ಮೊರವನ್ನು ಪಕ್ಕಕ್ಕೆ ತಳ್ಳಿದರು. ಎದ್ದು ಒಳಗೆ ಹೋದರು. ಅಟ್ಟದ ಮೇಲಿದ್ದ ಸೂಟ್‌ಕೇಸನ್ನು ತಾವೇ ಇಳಿಸಿ, ಧೂಳು ಕೊಡವಿ ನನ್ನ ಮುಂದೆ ದಬಕ್ಕನೆ ಇಟ್ಟರು.

"ಹೊರಡು ಕೂಸೇ. ಅಲ್ಲಿ ಚಳಿ ಎಷ್ಟು, ಊಟ ಏನು ಅಂತೆಲ್ಲ ಫೋನ್ ಮಾಡ್ಬೇಡ. ಆ ಸೈಕಲ್‌ನಲ್ಲಿ ಬಂದೋನು ಮದುಮಗನೋ, ಹೂವು ಮಾರೋನೋ, ಅದನ್ನ ವಿಚಾರಿಸಿ ಫೋನ್ ಮಾಡು."